ಬಜಿ ಬೇರು, ಸ್ಟೀಲಿನ ತಾಟು

ನಾನು ಅಂಗನವಾಡಿ ಟೀಚರ್ ಆಗಿ ಸೇರಿದ್ದು 1989ರಲ್ಲಿ, ಮೂಡಲಗಿ ಹತ್ತಿರದ ಹಳ್ಳಿಯಲ್ಲಿ. ಮೂಡಲಗಿ ಆಗಿನ್ನೂ ಗೋಕಾಕ ತಾಲೂಕಿನಲ್ಲೇ ಇತ್ತು. ಮೂರು ದಾಟಿದರೂ ಕೂಸಿಗೆ ಮಾತು ಬಾರದಿದ್ದರೆ ತಾಯಂದಿರು ಹೇಳುತ್ತಿದ್ದುದು ಒಂದೇ: ‘ಅವರಪ್ಪನೂ ತಡಾ ಮಾಡೇ ಮಾತಾಡ್ಯಾನ್ರಿ.’ ಬಜಿ ಬೇರು ತೇದು ನಾಲಿಗೆಗೆ ಹಚ್ಚುವುದೇ ಮದ್ದು. ನಾನೂ ಹಚ್ಚಿಸಿದ್ದೇನೆ.

ಒಬ್ಬ ಹುಡುಗನಿದ್ದ. ಕಣ್ಣು ಬಲು ಚುರುಕು. ಕೈ ಮಾಡಿದರೆ ಸಾಕು, ತಾಟು ತಂದಿಡುತ್ತಿದ್ದ. ಹಟಮಾರಿ, ಬೇಕಂತಲೇ ಬಾಯಿ ಬಿಡುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸಿದ್ದೆವು. ಒಂದು ದಿನ ಅವನ ಬೆನ್ನ ಹಿಂದೆಯೇ ನನ್ನ ಕೈಯಿಂದ ಸ್ಟೀಲಿನ ತಾಟು ಫರಸಿ ಮೇಲೆ ಬಿತ್ತು. ಉಳಿದ ಮಕ್ಕಳೆಲ್ಲ ಬೆಚ್ಚಿ ತಿರುಗಿದವು. ಅವನು ಮಾತ್ರ ಗೋಕಾಕದ ಕಟ್ಟಿಗೆಯ ಬಾಳೆಹಣ್ಣನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತೇ ಇದ್ದ. ಕಿವಿಗೆ ಬೀಳದ ಮಾತು ಬಾಯಿಗೆ ಬರುವುದೆಲ್ಲಿಂದ? ನಾವು ನಾಲಿಗೆಯನ್ನಷ್ಟೇ ನೋಡಿದ್ದೆವು.

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. ಅದರ ಹೆಸರು ನಮ್ಮೂರು ಮುಟ್ಟಲು ಎಷ್ಟೋ ವರ್ಷ ಹಿಡಿಯಿತು. ಹುಡುಗನಿಗೆ ಕಿವಿ ಮಷಿನ್ ಸಿಗುವಷ್ಟರಲ್ಲಿ ಏಳು ತುಂಬಿತ್ತು. ಮಾತು ಸಲೀಸಾಗಿ ಕೂಡುವ ಎಳೆ ವಯಸ್ಸು ಕೈಬಿಟ್ಟುಹೋಗಿತ್ತು. ಆ ಸಂಕಟ ನನಗೆ ಇನ್ನೂ ಇದೆ.

2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಅಂಗನವಾಡಿ ಮಕ್ಕಳನ್ನು ವರ್ಷಕ್ಕೆರಡು ಸಲ ಡಾಕ್ಟರು ನೋಡುವ ಏರ್ಪಾಡಾಯಿತು. ಹುಕ್ಕೇರಿ ಕಡೆಯ ಸೊಸೆಯೊಬ್ಬಳು ‘ಮನ್ಯಾಗ ಮರಾಠಿ, ಹೊರಗ ಕನ್ನಡ, ಅದಕ್ಕ ಕೂಸಿಗೆ ಮಾತು ಬರವಲ್ದು’ ಎಂದಾಗ ನಾನು ಧೈರ್ಯವಾಗಿ ಹೇಳಿದೆ: ‘ಎರಡು ಭಾಷಾ ಕೇಳಿದ್ರ ಮಾತು ನಿಲ್ಲಂಗಿಲ್ಲವ್ವಾ, ಮೊದಲ ಕಿವಿ ತೋರ್ಸು.’ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾತು ಮತ್ತು ಭಾಷೆಯ ತೊಂದರೆಯೂ ಸೇರಿದೆ. ಲಕ್ವಾ ಹೊಡೆದು ಮಾತು ಕಳೆದುಕೊಂಡ ದೊಡ್ಡವರೂ ಅದರೊಳಗೆ ಬರುತ್ತಾರೆ.

ನಮ್ಮ ಮಾವನವರಿಗೆ ಆದದ್ದು ಅದೇ. ಬಲಗೈ ಬಿತ್ತು, ಬಾಯಲ್ಲಿ ಉಳಿದದ್ದು ‘ಹಂಗ’ ಒಂದೇ. ನೀರು ಬೇಕಾದರೂ ಹಂಗ, ಸಿಟ್ಟು ಬಂದರೂ ಹಂಗ. ‘ಬುದ್ಧಿ ಹೋತು’ ಎಂದರು ಊರವರು. ಬುದ್ಧಿ ಎಲ್ಲೂ ಹೋಗಿರಲಿಲ್ಲ. ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದು ಶಬ್ದಗಳು ಸಿಗದಾಗಿದ್ದವು. ಪ್ಯಾರಿಸಿನ ಡಾಕ್ಟರ್ ಪಾಲ್ ಬ್ರೋಕಾ 1861ರಲ್ಲಿ ಕಂಡ ರೋಗಿಗೂ ಹೀಗೇ, ‘ತಾನ್’ ಎಂಬುದೊಂದೇ ಉಳಿದಿತ್ತು. ಸ್ಪೀಚ್ ಥೆರಪಿಯ ಹುಡುಗಿ ನಮಗೆ ಕಲಿಸಿದಳು: ಒದರಬೇಡಿರಿ, ತಲೆಯಾಡಿಸಿ ಉತ್ತರ ಕೊಡುವಂಥ ಪ್ರಶ್ನೆ ಕೇಳಿರಿ, ಕೇಳಿ ಸುಮ್ಮನೆ ಕಾಯಿರಿ.

ಒಂದು ಸೋಮವಾರ ಭಜನೆಯಲ್ಲಿ ಎಲ್ಲರ ದನಿಗೆ ದನಿಗೂಡಿಸಿ ಮಾವನವರು ಇಡೀ ಹಾಡು ಹೇಳಿದರು, ಒಂದಕ್ಷರವೂ ತಪ್ಪಲಿಲ್ಲ. ತಾಳ ನಿಂತ ಮೇಲೆ, ‘ಇನ್ನೊಂದು ಹೇಳ್ರಿ ಮಾವಾರ’ ಎಂದೆ. ಎಡಗೈಯಿಂದ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ತುಟಿ ಅಲ್ಲಾಡಿಸಿದರು.

‘ಹಂಗ’ ಎಂದರು.