ಆಲೂಗೆಡ್ಡೆಯ ನೊರೆ

ನನ್ನ ಬಳಿ ಹತ್ತನೆಯ ತರಗತಿಯಲ್ಲಿ ಓದಿದವರಿಗೆ ಆಲೂಗೆಡ್ಡೆಯ ಪ್ರಯೋಗ ನೆನಪಿರಬಹುದು. ಹಸಿ ಹೋಳಿನ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದೊಡನೆ ಬುಸ್ಸೆಂದು ನೊರೆಯೇಳುತ್ತಿತ್ತು. ಬೇಯಿಸಿದ ಹೋಳು ಸುಮ್ಮನಿರುತ್ತಿತ್ತು. ಕ್ಯಾಟಲೇಸ್ ಎಂಬ ಕಿಣ್ವವು ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕಗಳಾಗಿ ಒಡೆಯುತ್ತದೆ, ನಮ್ಮ ಜೀವಕೋಶಗಳಲ್ಲಿಯೂ ಈ ಕಾವಲುಗಾರನಿದ್ದಾನೆ ಎನ್ನುತ್ತಿದ್ದೆ. ಅಷ್ಟಕ್ಕೇ ನಿಲ್ಲಿಸದೆ, ಪೆರಾಕ್ಸೈಡಿನಂಥವು ದೇಹದ ಶತ್ರುಗಳು, ಇಲ್ಲದಿದ್ದರೇ ಒಳ್ಳೆಯದು ಎಂದು ಬರೆಸಿಯೂ ಇದ್ದೆ.

ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಅವನ ಎರಡು ವರ್ಷದ ಮಗನಿಗೆ ಕುತ್ತಿಗೆಯ ಗ್ರಂಥಿಗಳಲ್ಲಿ ಪದೇ ಪದೇ ಕೀವು, ಒಮ್ಮೆ ಯಕೃತ್ತಿನಲ್ಲಿಯೂ. ಕ್ರಾನಿಕ್ ಗ್ರಾನ್ಯುಲೊಮ್ಯಾಟಸ್ ಡಿಸೀಸ್ ಎಂದು ವೈದ್ಯರು ಬರೆದುಕೊಟ್ಟಿದ್ದರು.

"ಸಾರ್, ಮಗುವಿನ ಬಿಳಿ ರಕ್ತಕಣಗಳಿಗೆ ಪೆರಾಕ್ಸೈಡ್ ಮಾಡುವುದಕ್ಕೆ ಬರುವುದಿಲ್ಲವಂತೆ. ಅದು ಇಲ್ಲದಿದ್ದರೇ ಒಳ್ಳೆಯದು ಎಂದು ನೀವೇ ಅಲ್ಲವೇ ಹೇಳಿಕೊಟ್ಟಿದ್ದು?"

ಆಕ್ಷೇಪಿಸಲು ಕೇಳಿದ್ದಲ್ಲ, ತಿಳಿಯದೆಯೇ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಕುಳಿತು ಓದಿದೆ. ನ್ಯೂಟ್ರೋಫಿಲ್ ಎಂಬ ಬಿಳಿಯ ಕಣವು ಸೂಕ್ಷ್ಮಾಣುವನ್ನು ನುಂಗಿದೊಡನೆ ಒಮ್ಮೆಲೇ ಆಮ್ಲಜನಕವನ್ನು ಹೀರಿ, ಆಕ್ಸಿಡೇಸ್ ಕಿಣ್ವವೊಂದರಿಂದ ಅದನ್ನು ಸೂಪರಾಕ್ಸೈಡ್ ಆಗಿಸುತ್ತದೆ. ಸೂಪರಾಕ್ಸೈಡಿನಿಂದ ಪೆರಾಕ್ಸೈಡ್, ಅದರಿಂದ ಹೈಪೋಕ್ಲೋರಸ್ ಆಮ್ಲ, ಎಂದರೆ ಬ್ಲೀಚಿಂಗ್ ಪುಡಿಯ ಬಳಗದ್ದೇ. (ಕೀವಿನ ಹಸಿರು ಛಾಯೆ ಈ ಕೊನೆಯ ಹಂತದ ಕಿಣ್ವದ್ದು. ಇಷ್ಟು ವರ್ಷ ಅದೇಕೆಂದು ಕೇಳಿಕೊಂಡಿರಲೇ ಇಲ್ಲ!) ತಾನೇ ತಯಾರಿಸಿದ ಈ ಆಯುಧದಿಂದ ಕಣವನ್ನೂ ನೆರೆಹೊರೆಯನ್ನೂ ಕಾಯುವುದಕ್ಕೆ ಕ್ಯಾಟಲೇಸ್, ಸೆಲೆನಿಯಮ್ ಉಳ್ಳ ಗ್ಲುಟಾಥಯೋನ್ ಪೆರಾಕ್ಸಿಡೇಸ್, ಮತ್ತು 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮೆಕಾರ್ಡ್ ಹಾಗೂ ಫ್ರಿಡೊವಿಚ್ ಗುರುತಿಸಿದ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಇವೆ. ಕಾವಲು ಸೋತು ಕಿಡಿ ಹೊರಗೆ ಹರಡಿದರೆ ಅಪಾಯ. ಅದನ್ನೇ ಉತ್ಕರ್ಷಣದ ಒತ್ತಡ ಎನ್ನುವುದು. ಈ ಮಗುವಿನಲ್ಲಿಯಾದರೋ ಕಾವಲುಗಾರರೆಲ್ಲ ಇದ್ದರು, ಒಲೆಯೇ ಹೊತ್ತುತ್ತಿರಲಿಲ್ಲ.

ಅವನಿಗೆ ನಾಲ್ಕು ಪುಟದ ಕಾಗದ ಬರೆದೆ. ಬಹುಪಾಲು ಮಕ್ಕಳಲ್ಲಿ ಈ ದೋಷವು ಎಕ್ಸ್ ವರ್ಣತಂತುವಿನ ಮೂಲಕ ತಾಯಿಯಿಂದ ಗಂಡುಮಗುವಿಗೆ ಬರುತ್ತದೆ, ಅದರಲ್ಲಿ ತಾಯಿಯ ತಪ್ಪೇನೂ ಇಲ್ಲ ಎಂಬುದನ್ನು ಎರಡು ಸಲ ಬರೆದೆ. ಅವರ ಮನೆಯಲ್ಲಿ ಸೊಸೆಯನ್ನು ದೂರುತ್ತಿದ್ದರು. ನನ್ನ ತಪ್ಪನ್ನು ಮಾತ್ರ ಒಂದೇ ಸಲ ಒಪ್ಪಿಕೊಂಡೆ, ಅದೂ ಕೊನೆಯ ಪುಟದಲ್ಲಿ.

ಹುಡುಗನಿಗೆ ಅಕ್ಕನ ಅಸ್ಥಿಮಜ್ಜೆ ಹೊಂದಿಕೆಯಾಯಿತು. ಈಗ ಶಾಲೆಗೆ ಹೋಗುತ್ತಿದ್ದಾನೆ. ನಿಮ್ಮ ಹಳೆಯ ನೋಟ್ ಪುಸ್ತಕಗಳಲ್ಲಿ ನಾನು ಬರೆಸಿದ ಆ ವಾಕ್ಯವಿದ್ದರೆ ದಯವಿಟ್ಟು ಹೊಡೆದುಹಾಕಿರಿ.