ಕೂದಲೆಳೆಗಿಂತ ಸಣ್ಣ ಕೆಲಸ

ಹರಿಹರದಲ್ಲಿ ಲೇತ್ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಊರಿಗೆ ಆ ವಿದ್ಯೆ ಕಲಿಸಿತು. ಕಾರ್ಖಾನೆ ಈಗಿಲ್ಲ. ಅಲ್ಲಿ ತಯಾರಾದ ಒಂದು ಲೇತ್ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ಇನ್ನೂ ತಿರುಗುತ್ತಿದೆ. ನಮ್ಮ ಕಸುಬಿನಲ್ಲಿ ಚಿಪ್ ಎಂದರೆ ಸಂಜೆ ಗುಡಿಸಿ ಹೊರಹಾಕುವ ಕಬ್ಬಿಣದ ಸುರುಳಿ. ಹಾಗಾಗಿ, ದಾವಣಗೆರೆಯಲ್ಲಿ ಮೂರನೇ ವರ್ಷದ ಮೆಕ್ಯಾನಿಕಲ್ ಓದುತ್ತಿರುವ ಮಗಳು "ಅಪ್ಪಾಜಿ, ನಾನು ಚಿಪ್ ಮಾಡಾದು ಕಲೀತೀನಿ" ಎಂದಾಗ ನನಗೆ ನಗು ಬಂತು. ಅವಳ ತಾಯಿಗೆ ಬರಲಿಲ್ಲ. "ಎಲ್ಲಾರೂ ಕಂಪ್ಯೂಟರ್ ಅಂದ್ರೆ ಇವಳು ಮೆಕ್ಯಾನಿಕಲ್ ಅಂದ್ಲು. ಈಗ ಇದೊಂದು" ಎಂದಳು.

ಮಗಳು ವಿವರಿಸಿದ್ದು ಹೀಗೆ. ಕನ್ನಡಿಯಂತೆ ಹೊಳಪು ಕೊಟ್ಟ ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿಗೆ ಬದಲಾಗುವ ದ್ರವವೊಂದನ್ನು ಹನಿಸಿ, ನಿಮಿಷಕ್ಕೆ ಮೂರು ನಾಲ್ಕು ಸಾವಿರ ಸುತ್ತು ತಿರುಗಿಸುತ್ತಾರೆ. ದ್ರವ ಹರಡಿ ಒಂದೆರಡು ಮೈಕ್ರಾನ್ ದಪ್ಪದ ಪದರವಾಗುತ್ತದೆ. ನಕ್ಷೆ ಇರುವ ಗಾಜಿನ ಮೂಲಕ ಅದರ ಮೇಲೆ ನೇರಳಾತೀತ ಬೆಳಕು ಬಿಡುತ್ತಾರೆ. ಬೆಳಕು ಬಿದ್ದ ಭಾಗ (ಕೆಲವು ದ್ರವಗಳಲ್ಲಿ ಬೀಳದ ಭಾಗ) ತೊಳೆದುಹೋಗುತ್ತದೆ. ತೆರೆದ ಜಾಗವನ್ನು ರಾಸಾಯನಿಕವೋ ಅನಿಲವೋ ಕೊರೆಯುತ್ತದೆ. ಅಚ್ಚಿಟ್ಟು ರಂಗೋಲಿ ಪುಡಿ ಉದುರಿಸಿದಂತೆಯೇ ಎನ್ನಿ.

ಆದರೆ ಅಳತೆ ಕೇಳಿ! ನನ್ನ ಮೈಕ್ರೋಮೀಟರಿನ ಒಂದು ಗೆರೆ ಎಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲು, ಅಂದರೆ 10 ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ನ್ಯಾನೋಮೀಟರ್ ಎಂದರೆ ಮೈಕ್ರಾನಿನ ಸಾವಿರದಲ್ಲೊಂದು ಪಾಲು. ಒಂದು ದೂಳಿನ ಕಣ ಕೂತರೆ ಅಷ್ಟೂ ಕೆಲಸ ಕೆಟ್ಟಂತೆ. ಅದಕ್ಕೇ '100ನೇ ದರ್ಜೆ'ಯ ಸ್ವಚ್ಛ ಕೊಠಡಿಯಲ್ಲಿ, ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮೇಲಿನ ಕಣಗಳು ನೂರನ್ನು ಮೀರಬಾರದು. ನಮ್ಮ ಪಿ.ಬಿ. ರಸ್ತೆಯ ದೂಳು ಕುಡಿದವರಿಗೆ ಇದು ಪುರಾಣದಂತೆ ಕೇಳಿಸೀತು.

ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಬೇರೆ. ಒಂದು ಪದರ ಮುಗಿದ ಮೇಲೆ ಎರಡನೇ ನಕ್ಷೆ ಮೊದಲನೆಯದರ ಗುರುತಿಗೆ ಸರಿಯಾಗಿ ಕೂರಬೇಕಂತೆ. ತುಸು ಸರಿದರೂ ಬಿಲ್ಲೆ ಕಸಕ್ಕೆ. ಇದು ನನಗೆ ಗೊತ್ತು! ಜಾಬ್ ಬಿಚ್ಚಿ ತಿರುಗಿಸಿ ಮತ್ತೆ ಚಕ್ಕಿಗೆ ಕಟ್ಟಿದಾಗ ಸೆಂಟರ್ ತಪ್ಪಿದರೆ ಏನಾಗುತ್ತದೆಂದು ಯಾವ ಟರ್ನರನ್ನಾದರೂ ಕೇಳಿ. ನಿರ್ವಾತ ಪಂಪು, ಕಂಪನ, ಬಿಸಿಗೆ ಹಿಗ್ಗುವ ಪದರ, ಇವೆಲ್ಲ ಮೆಕ್ಯಾನಿಕಲ್ ಹುಡುಗರ ಪಾಠವೇ ತಾನೆ?

ಅಂಥ ಕೊಠಡಿಗೆ ನೂರಾರು ಕೋಟಿ ಬೇಕು, ಊರೂರಿಗೆ ಕಟ್ಟಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಕೇಂದ್ರ ಸರ್ಕಾರದ ನೆರವಿನ ಯೋಜನೆಯೊಂದರಲ್ಲಿ 2008ರಿಂದ ಹೊರಗಿನ ಕಾಲೇಜಿನವರಿಗೂ ಅಲ್ಲಿ ತರಬೇತಿ ಕೊಡುತ್ತ ಬಂದಿದ್ದಾರೆ. ಈ ಸುದ್ದಿ ನಮ್ಮ ಕಡೆಯ ಮಕ್ಕಳಿಗೆ ತಲುಪುವುದೇ ಕಡಿಮೆ.

"ಕಲ್ತ ಮೇಲೆ ಕೆಲಸ?" ಎಂದು ನನ್ನಾಕೆ ಕೇಳಿದ್ದು ನ್ಯಾಯವೇ. ಟಾಟಾದವರ ಚಿಪ್ ಕಾರ್ಖಾನೆಗೆ 2024ರಲ್ಲಿ ಶಂಕುಸ್ಥಾಪನೆಯಾದದ್ದು ಗುಜರಾತಿನ ಧೊಲೇರಾದಲ್ಲಿ, ಹರಿಹರದಲ್ಲಲ್ಲ. ಖಾತ್ರಿ ಕೊಡಲು ನಾನ್ಯಾರು? ಅರ್ಜಿ ಹಾಕು ಎಂದಿದ್ದೇನೆ. ಅಲ್ಲಿಯವರೆಗೆ ಕಾಲೇಜಿನ ವರ್ಕ್‌ಶಾಪಿನಲ್ಲಿ ಪಕ್ಕದವರ ರೀಡಿಂಗ್ ನೋಡಿ ಬರೆಯದೆ, ಸ್ಕ್ರೂಗೇಜನ್ನು ತಾನೇ ಹಿಡಿದು ಓದಬೇಕೆಂದು ಷರತ್ತು ಹಾಕಿದ್ದೇನೆ.