ಯಾರೂ ಓಗೊಡದ ಕರೆ

ನನ್ನ ಕೆಲಸವೇನೆಂದು ಕೇಳಿದವರಿಗೆ "ಕಂಪ್ಯೂಟರ್" ಎಂದಷ್ಟೇ ಹೇಳಿ ಪಾರಾಗುವುದು ನನ್ನ ರೂಢಿ. ಈ ಸಲ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ, ವಾಚಕರು ಸಹಿಸಿಕೊಳ್ಳಬೇಕು.

ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಹಲವು ಕಂಪ್ಯೂಟರುಗಳನ್ನು ಕಟ್ಟಿ, ವಠಾರದ ಬಾಡಿಗೆದಾರರಂತೆ ಕೂರಿಸಬಹುದು. 2007ರಲ್ಲಿ ಲಿನಕ್ಸ್ ಕರ್ನಲ್ಲಿನೊಳಗೇ ಕೆವಿಎಂ ಎಂಬ ವ್ಯವಸ್ಥೆ ಸೇರಿದ ಮೇಲೆ ಇದು ಇನ್ನಷ್ಟು ಸಲೀಸಾಯಿತು. ನೆಟ್‌ವರ್ಕ್ ಕಾರ್ಡಿನಂಥ ಸಾಧನವೊಂದು "ನನ್ನನ್ನು ನೋಡಿ" ಎಂದು ಕರೆಯುವುದಕ್ಕೆ ಇಂಟರಪ್ಟ್ ಎಂದು ಹೆಸರು. ಕರೆಗೆ ಮೊದಲು ಬಾಗಿಲಿಗೆ ಬರುವವನು ವಠಾರದ ಯಜಮಾನ, ಅಂದರೆ ಕರ್ನಲ್. ಆದರೆ ಆ ಕಾರ್ಡನ್ನು ಬಾಡಿಗೆದಾರನಿಗೇ ವಹಿಸಿದ್ದರೆ, ಅದನ್ನು ಸಮಾಧಾನಪಡಿಸುವ ವಿದ್ಯೆ ಅವನಿಗೆ ಮಾತ್ರ ಗೊತ್ತು. ಹಳೆಯ ಬಗೆಯ ಕಾರ್ಡುಗಳಂತೂ ಯಾರಾದರೂ ವಿಚಾರಿಸುವವರೆಗೆ ಎತ್ತಿದ ಕೈ ಇಳಿಸುವುದಿಲ್ಲ. ಆದ್ದರಿಂದ ಯಜಮಾನ ಆ ಕರೆಯನ್ನು ತಡೆಹಿಡಿದು, ಸುದ್ದಿಯನ್ನು ಒಳಗೆ ಮುಟ್ಟಿಸಿ, "ಆಯಿತು" ಎಂಬ ಉತ್ತರ ಬಂದ ಮೇಲೆ ಮತ್ತೆ ದಾರಿ ಬಿಡಬೇಕು.

ನಾನು ಬರೆದ ಭಾಗದಲ್ಲಿ ಕರೆ ತನ್ನದೇ ಎಂದು ಗುರುತಿಸುವಲ್ಲೇ ತಪ್ಪಿತ್ತು. ಅದೇ ತಂತಿಯಲ್ಲಿ ಡಿಸ್ಕೂ ಇತ್ತು. ಡಿಸ್ಕಿನ ಕಡೆಯವನು "ನನ್ನದಲ್ಲ" ಎಂದ. ನನ್ನವನೂ "ನನ್ನದಲ್ಲ" ಎಂದ. ಹೀಗೆ 1,00,000 ಕರೆಗಳಲ್ಲಿ 99,900ಕ್ಕಿಂತ ಹೆಚ್ಚು ಅನಾಥವಾದರೆ ಲಿನಕ್ಸ್ ಬೇಸತ್ತು, "ಯಾರೂ ಕೇಳುವವರಿಲ್ಲ" ಎಂಬರ್ಥದ ಒಂದು ಸಾಲು ಬರೆದು ಆ ತಂತಿಯನ್ನೇ ಮುಚ್ಚಿಬಿಡುತ್ತದೆ. ಪಾಪ, ಡಿಸ್ಕೂ ಮೂಕವಾಯಿತು.

ಕೀಲ್ಪಾಕಿನ ಮನೆಯ ಮಹಡಿಯಲ್ಲಿ ಕೂತು ಆ ಸಾಲನ್ನು ದಿಟ್ಟಿಸುತ್ತಿದ್ದ ರಾತ್ರಿಯೇ ಕೆಳಗೆ ಅಪ್ಪ ಗಂಟೆ ಬಾರಿಸಿದ್ದು. ಸೊಂಟದ ಮೂಳೆ ಮುರಿದು ಮಲಗಿದ್ದ ಅವರ ತಲೆದೆಸೆಯಲ್ಲಿ ದೇವರ ಮನೆಯ ಹಿತ್ತಾಳೆ ಗಂಟೆಯನ್ನು ಇಟ್ಟಿದ್ದೆವು. ನನಗೆ ಕೇಳಿಸಿತು. ನನ್ನಾಕೆ ಹೋಗುತ್ತಾಳೆ ಎಂದುಕೊಂಡೆ. ಅಡುಗೆಮನೆಯಲ್ಲಿದ್ದ ಅವಳು, ನಾನು ಇಳಿದು ಬರುತ್ತೇನೆ ಎಂದುಕೊಂಡಳು. ಮೂರು ಸಲ ಬಾರಿಸಿ ಗಂಟೆ ನಿಂತಿತು. ನಿಂತಿತಲ್ಲ, ಯಾರೋ ಹೋಗಿರಬೇಕೆಂದು ಇಬ್ಬರೂ ನಿಶ್ಚಿಂತರಾದೆವು. ಅಪ್ಪ ನೀರಿಗೆಂದು ತಾವೇ ಎದ್ದು, ಬಿದ್ದಿದ್ದರು.

ಮೂಳೆಗೆ ಮತ್ತೇನೂ ಆಗಲಿಲ್ಲ, ದೇವರ ದಯೆ. "ಗಂಟೆ ಹೊಡೆದೆನಲ್ಲೋ" ಎಂದಷ್ಟೇ ಅಂದರು. ಬೈದಿದ್ದರೆ ವಾಸಿಯಿತ್ತು.

ಕಂಪ್ಯೂಟರಿನ ತಪ್ಪು ಮರುದಿನ ಎರಡೇ ಸಾಲಿನಲ್ಲಿ ಸರಿಹೋಯಿತು. ಆಮೇಲೆ ಗಂಟೆಯನ್ನು ದೇವರ ಮನೆಗೆ ಮರಳಿಸಿ, ಅಪ್ಪನ ಹಾಸಿಗೆಯ ಪಕ್ಕ ಒಂದು ಸ್ವಿಚ್ಚು, ಅಡುಗೆಮನೆಗೂ ಮಹಡಿಗೂ ಒಂದೊಂದು ಕೆಂಪು ದೀಪ ಹಾಕಿಸಿದೆ. ಒತ್ತಿದರೆ ಹತ್ತಿಕೊಳ್ಳುತ್ತದೆ, ಆರಿಸುವ ಸ್ವಿಚ್ಚು ಅವರ ಕೋಣೆಯೊಳಗೆ ಮಾತ್ರ. ಹೋಗಿಯೇ ಆರಿಸಬೇಕು. ಎಲೆಕ್ಟ್ರಿಷಿಯನ್ ನನ್ನ ಮುಖವನ್ನೊಮ್ಮೆ ನೋಡಿದ. ಅಪ್ಪನಿಗಂತೂ ಇದೆಲ್ಲ ಕರೆಂಟಿಗೆ ದಂಡವೆಂದೇ ಅಭಿಪ್ರಾಯ.